ಕೊನೆ ಟ್ರಿಪ್ ಎಷ್ಟೊತ್ತಿಗೆ?

ರಾತ್ರಿ ಊಟ ಮುಗಿಸಿ ಮಲಗುವ ಮುಂಚೆ ಕೆಲವರು ರೀಲ್ಸ್ ನೋಡ್ತಾರೆ, ಕೆಲವರು ಷೇರು ಮಾರ್ಕೆಟ್ಟಿನ ಲೆಕ್ಕ ಹಾಕ್ತಾರೆ. ನನಗೆ ಹಡಗುಗಳ ಜಾತಕ ಓದುವ ಚಟ. ಹುಟ್ಟಿದ್ದೆಲ್ಲಿ, ನಾಮಕರಣ ಯಾವಾಗ, ಯಾವ ಕಂಪನಿಗೆ ಮೊದಲು ಹೋಯ್ತು, ಅಲ್ಲಿಂದ ಯಾರ ಕೈಗೆ ಬಿತ್ತು, ಈಗ ಎಲ್ಲಿದೆ, ಎಲ್ಲ ಬರೆದಿಟ್ಟಿರ್ತಾರೆ. ಹೇಳಿ ಕೇಳಿ ನಾನು ಅರಸೀಕೆರೆ ಕಡೆಯವನು. ಸಮುದ್ರ ಕಂಡಿದ್ದೇ ಬಿಇ ಸೇರಿದ ಮೇಲೆ. ಈ ಚಟ ಎಲ್ಲಿಂದ ಹತ್ತಿತು ಅಂತ ಕೇಳಬೇಡಿ. ಪ್ರೊಡಕ್ಷನ್ ಸಪೋರ್ಟಿನ ರಾತ್ರಿ ಪಾಳಿ ಮಾಡಿದವರಿಗೆ ಇಂಥವು ಎಷ್ಟೋ ಅಂಟಿಕೊಳ್ತವೆ.

ಒಂದು ಜಾತಕ ಹೇಳ್ತೀನಿ ಕೇಳಿ. ಆಸ್ಟ್ರೇಲಿಯಾದ ಕೆಳಗೆ ಟಾಸ್ಮೇನಿಯಾ ಅನ್ನೋ ದ್ವೀಪ ಇದೆಯಲ್ಲ, ಅಲ್ಲಿನ ಹೋಬಾರ್ಟ್ ಊರಿನಲ್ಲಿ ಇನ್‌ಕ್ಯಾಟ್ ಅನ್ನೋ ಕಂಪನಿ 1998ರಲ್ಲಿ ಒಂದು ಹಡಗು ಕಟ್ಟಿತು. 91 ಮೀಟರ್ ಉದ್ದ, ಹೊಟ್ಟೆ ತುಂಬ ಕಾರು ತುಂಬಿಕೊಂಡು ಓಡುವಂಥದ್ದು. ಹೆಸರು ಕ್ಯಾಟ್-ಲಿಂಕ್ ಫೈವ್. ಡೆನ್ಮಾರ್ಕಿನ ಗಿರಾಕಿಗೆ ಒಪ್ಪಿಸಲು ಹೊರಟಿದ್ದು, ದಾರಿಯಲ್ಲಿ ಅಟ್ಲಾಂಟಿಕ್ ಸಾಗರವನ್ನ 2 ದಿನ 20 ಗಂಟೆ 9 ನಿಮಿಷದಲ್ಲಿ ದಾಟಿಬಿಟ್ಟಿತು. ಸರಾಸರಿ ವೇಗ 41 ನಾಟ್‌ಗೂ ಹೆಚ್ಚು, ನಮ್ಮ ಲೆಕ್ಕದಲ್ಲಿ ಗಂಟೆಗೆ 76 ಕಿಲೋಮೀಟರ್. ಅರಸೀಕೆರೆಯಿಂದ ಬೇಲೂರಿಗೆ ಹೋಗುವ ಬಸ್ಸಿಗೂ ಆ ಸರಾಸರಿ ಇಲ್ಲ ಬಿಡಿ. ಅಟ್ಲಾಂಟಿಕ್ಕನ್ನ ಅತಿ ಬೇಗ ದಾಟಿದ ಪ್ರಯಾಣಿಕರ ಹಡಗಿಗೆ ಕೊಡುವ ಹೇಲ್ಸ್ ಟ್ರೋಫಿ ಅದಕ್ಕೆ ಸಿಕ್ಕಿತು. ಈ ಟ್ರೋಫಿಯನ್ನ 1952ರಿಂದ ಯುನೈಟೆಡ್ ಸ್ಟೇಟ್ಸ್ ಅನ್ನೋ ದೊಡ್ಡ ಹಡಗು ಇಟ್ಟುಕೊಂಡಿತ್ತು. 1990ರಲ್ಲಿ ಅದರ ಕೈಯಿಂದ ಕಿತ್ತುಕೊಂಡಿದ್ದೂ ಇದೇ ಕಂಪನಿಯ ಇನ್ನೊಂದು ಕಾರು ಹಡಗೇ.

ಆಮೇಲೆ ಈ ಕ್ಯಾಟ್-ಲಿಂಕ್ ಫೈವ್ ಏನಾಯ್ತು? ಡೆನ್ಮಾರ್ಕಿನಲ್ಲೇ ಕೈ ಬದಲಾಗಿ ಮ್ಯಾಡ್ಸ್ ಮೋಲ್ಸ್ ಆಯ್ತು. ಮುಂದೆ ಮಾಸ್ಟರ್ ಕ್ಯಾಟ್ ಆಯ್ತು. ನಾರ್ವೆ ಕಡೆ ಹೋಗಿ ಫ್ಯೋರ್ಡ್ ಕ್ಯಾಟ್ ಆಯ್ತು. 2020ರಲ್ಲಿ ಜರ್ಮನಿ ಮತ್ತು ಸ್ವೀಡನ್ ನಡುವೆ ಓಡಲು ಹೋಗಿ ಸ್ಕೋನೆ ಜೆಟ್ ಆಯ್ತು. ಐದು ಹೆಸರು, ಒಂದೇ ಮೈ. ಕಂಪನಿ ಬದಲಾಯಿಸಿದಾಗೆಲ್ಲ ಹೊಸ ಐಡಿ ಕಾರ್ಡ್ ನೇತುಹಾಕಿಕೊಳ್ಳುವ ನಮ್ಮ ಥರಾನೇ.

ಈ ಜಾತಿಯ ಹಡಗಿಗೆ ಕ್ಯಾಟಮರಾನ್ ಅಂತಾರೆ. ಪದ ಮೂಲತಃ ತಮಿಳಿನ ಕಟ್ಟುಮರಂ. ಕಟ್ಟು, ಮರ, ಎರಡೂ ನಮಗೂ ಅರ್ಥವಾಗುವ ಮಾತುಗಳೇ. ಮರದ ದಿಮ್ಮಿಗಳನ್ನ ಜೋಡಿಸಿ ಕಟ್ಟಿದ ಮೀನುಗಾರರ ತೆಪ್ಪ ಅದು. ಇಂಗ್ಲಿಷಿಗೆ ಹೋದಮೇಲೆ ಅರ್ಥ ಸ್ವಲ್ಪ ಬದಲಾಗಿ, ಅಕ್ಕಪಕ್ಕ ಎರಡು ಸಪೂರ ದೋಣಿಗಳ ಮೇಲೆ ಒಂದೇ ಮನೆ ಕೂರಿಸಿದಂತಿರುವ ಹಡಗಿಗೆ ಅದೇ ಹೆಸರಾಯ್ತು. ಒಂದೇ ದಪ್ಪ ಹೊಟ್ಟೆ ನೀರು ಸೀಳುವ ಬದಲು ಎರಡು ತೆಳ್ಳನೆಯ ಮೈ ಸೀಳಿದರೆ ತಡೆ ಕಮ್ಮಿ. ಮೈಗೆ ಉಕ್ಕಿನ ಬದಲು ಅಲ್ಯೂಮಿನಿಯಂ, ಹಾಗಾಗಿ ತೂಕ ಕಮ್ಮಿ. ಹಿಂದೆ ರೆಕ್ಕೆ ತಿರುಗಿಸುವ ಬದಲು ನೀರನ್ನೇ ಜೋರಾಗಿ ಚಿಮ್ಮಿಸಿ ಮುಂದಕ್ಕೆ ನುಗ್ಗುತ್ತದೆ. ಇಷ್ಟೆಲ್ಲ ಸೇರಿದರೆ ವೇಗ. ಆದರೆ ಡೀಸೆಲ್ ಕುಡಿಯುವುದು ವಿಪರೀತ. ಎಣ್ಣೆ ರೇಟು ಏರಿದಾಗ, ಪ್ರಯಾಣಿಕರು ಕಮ್ಮಿಯಾದಾಗ ಮೊದಲು ಮಾರಾಟಕ್ಕೆ ನಿಲ್ಲುವುದೂ ಇವೇ. ಇವುಗಳ ಜಾತಕದಲ್ಲಿ ಇಷ್ಟೊಂದು ಹೆಸರು ಯಾಕಿರುತ್ತೆ ಅನ್ನೋದಕ್ಕೆ ಇದೂ ಒಂದು ಕಾರಣ.

ಅದಿರಲಿ. ಇಂಥ ಹತ್ತಾರು ಜಾತಕ ಓದಿದ ಮೇಲೆ ನನಗೊಂದು ವಿಷಯ ಕಾಡೋಕೆ ಶುರುವಾಯ್ತು. ಇದೆಲ್ಲ ಹಡಗಿನ ಕಡೆಯಿಂದ ಬರೆದ ಇತಿಹಾಸ. ಉದ್ದ ಎಷ್ಟು, ಅಗಲ ಎಷ್ಟು, ಓನರ್ ಯಾರು, ವೇಗ ಎಷ್ಟು. ನಾವು ಆಫೀಸಿನಲ್ಲಿ ಬರೆಯುವ ರಿಲೀಸ್ ನೋಟ್ ಥರ, ವರ್ಷನ್ ಒಂದು, ವರ್ಷನ್ ಎರಡು. ದಡದಲ್ಲಿ ಬ್ಯಾಗು ಹಿಡಿದು ನಿಂತವನ ಬಗ್ಗೆ ಒಂದು ಸಾಲೂ ಇಲ್ಲ. ಕ್ಯಾಟ್-ಲಿಂಕ್ ಫೈವ್ ಆ ದಾಖಲೆಯ ಪ್ರಯಾಣದ ನಡುವೆ ಅಪಾಯದ ಕರೆ ಬಂತು ಅಂತ ದಾರಿ ಬದಲಿಸಿ ಒಂದು ಹುಡುಕಾಟಕ್ಕೆ ಹೋಗಿತ್ತಂತೆ. ಹಾಗೆ ಹೋಗಿ ಬಂದೂ ದಾಖಲೆ ಮುರಿಯಿತು. ನನ್ನ ಲೆಕ್ಕದಲ್ಲಿ ಅದರ ಇಡೀ ಸರ್ವೀಸಿನಲ್ಲಿ ಅತಿ ದೊಡ್ಡ ಕೆಲಸ ಅದೇ. ಜಾತಕದಲ್ಲಿ ಅದು ಅರ್ಧ ಸಾಲು, ಟ್ರೋಫಿಗೆ ಒಂದು ಪ್ಯಾರಾ.

ದಡದ ಕಡೆಯಿಂದ ಬರೆದರೆ ಹೇಗಿರುತ್ತೆ? ಅದಕ್ಕೆ ಹೋಬಾರ್ಟಿಗೆ ಹೋಗಬೇಕಿಲ್ಲ. ನಮ್ಮ ಕರ್ನಾಟಕದಲ್ಲೇ ಬಸ್ಸು, ಕಾರು, ಬೈಕು, ಜನ, ಎಲ್ಲರನ್ನೂ ಒಟ್ಟಿಗೆ ಹೊತ್ತು ದಾಟಿಸಿದ ಹಡಗೊಂದಿದೆ. ಸಿಗಂದೂರು ಲಾಂಚು.

ನಮ್ಮ ಕಡೆಯವರಿಗೆ ನೀರು ಅಂದ್ರೆ ಕೆರೆ. ಹಳೇಬೀಡಿಗೆ ದ್ವಾರಸಮುದ್ರ ಅಂತ ಹೆಸರಿಟ್ಟರಲ್ಲ, ಆ ಸಮುದ್ರವೂ ಕೆರೆಯೇ. ಅರಸೀಕೆರೆಯ ಹೆಸರಿನಲ್ಲೇ ಕೆರೆ ಇದೆ. ಇಂಥ ಬಯಲುಸೀಮೆಯ ಅಂಚಿನವರಿಗೂ ಆ ಲಾಂಚಿಗೂ ಏನು ಸಂಬಂಧ ಅಂತೀರಾ? ತೆಂಗಿನಕಾಯಿ ಸಂಬಂಧ. ಅರಸೀಕೆರೆ ಸುತ್ತ ತೋಟ ಇದ್ದವರಿಗೆ ಮಳೆಯ ಚಿಂತೆ ಒಂದಾದರೆ ಕಾಯಿ ಕಳ್ಳರ ಚಿಂತೆ ಇನ್ನೊಂದು. ಅದಕ್ಕೇ ತೋಟದ ಬೇಲಿಗೆ ಒಂದು ಬೋರ್ಡು ತೂಗುಹಾಕ್ತಾರೆ: ಈ ತೋಟಕ್ಕೆ ಸಿಗಂದೂರು ಚೌಡೇಶ್ವರಿ ಅಮ್ಮನವರ ಕಾವಲಿದೆ ಅಂತ. ಸಿಸಿ ಕ್ಯಾಮೆರಾ ಬರೋಕೆ ಎಷ್ಟೋ ಮುಂಚೆಯೇ ನಮ್ಮಲ್ಲಿದ್ದ ಸೆಕ್ಯುರಿಟಿ ಸಿಸ್ಟಮ್ ಅದು. ಬೋರ್ಡು ಹಾಕಿದ ಮೇಲೆ ಅಮ್ಮನಿಗೆ ಹೋಗಿ ಹೇಳಿ ಬರಬೇಕಲ್ಲ. ಮೈಸೂರು, ಬೆಂಗಳೂರು ಕಡೆಯಿಂದ ತಾಳಗುಪ್ಪಕ್ಕೆ ಹೋಗುವ ರೈಲು ಹೇಗೂ ಅರಸೀಕೆರೆ ಮೇಲೇ ಹೋಗುತ್ತೆ. ಹತ್ತಿ ಸಾಗರದಲ್ಲಿ ಇಳಿದು, ಬಸ್ಸಿನಲ್ಲಿ ಅಂಬಾರಗೋಡ್ಲು ದಡಕ್ಕೆ ಹೋಗಿ, ಲಾಂಚಿನಲ್ಲಿ ಆಚೆ ಕಳಸವಳ್ಳಿಗೆ ದಾಟಿ, ಅಲ್ಲಿಂದ ವ್ಯಾನು ಹಿಡಿದರೆ ದೇವಸ್ಥಾನ.

ನಮ್ಮಜ್ಜಿಯ ಹರಕೆ ತೀರಿಸಲು ನಾನು ಮೊದಲ ಸಲ ಆ ಲಾಂಚು ಹತ್ತಿದ್ದು. ಅಜ್ಜಿ ಬಸ್ಸಿನಿಂದ ಇಳಿಯೋಕೆ ಒಪ್ಪಲಿಲ್ಲ. ಬಸ್ಸು ಹಾಗೇ ಲಾಂಚಿನ ಮೇಲೆ ಏರಿತು. ನೀರಿನ ನಡುವೆ ಬಂದಾಗ ಕಿಟಕಿಯಿಂದ ಆಚೆ ನೋಡಿ, 'ಏನ್ಲಾ ಮಗ, ಬಸ್ಸು ಈಜ್ತಾ ಐತೆ' ಅಂದಿದ್ದು ಈಗಲೂ ನೆನಪಿದೆ. ಆಮೇಲೆ ನೀರಿನಲ್ಲಿ ಅಲ್ಲಲ್ಲಿ ನಿಂತಿದ್ದ ಒಣಗಿದ ಮರದ ಬೊಡ್ಡೆಗಳನ್ನ ತೋರಿಸಿ ಕೇಳಿದಳು: 'ಇಲ್ಲಿ ಯಾರ ತೋಟ ಇತ್ತೋ?' ನಾವ್ಯಾರೂ ಉತ್ತರ ಕೊಡಲಿಲ್ಲ. ತೆಂಗಿನ ತೋಟದ ಕಾವಲಿಗೆ ಹರಕೆ ಹೊತ್ತು ಬಂದವಳಿಗೆ ಮಾತ್ರ ಹೊಳೆಯುವ ಪ್ರಶ್ನೆ ಅದು.

ಅಲ್ಲಿ ಯಾರದೋ ತೋಟ, ಗದ್ದೆ, ಮನೆ, ಎಲ್ಲ ಇದ್ದವು. ಶರಾವತಿಗೆ ಮೊದಲು 1940ರ ದಶಕದಲ್ಲಿ ಮಡೆನೂರಿನಲ್ಲಿ ಅಣೆಕಟ್ಟು ಕಟ್ಟಿದರು. ಜೋಗದ ಮೊದಲ ವಿದ್ಯುತ್ ಕೇಂದ್ರಕ್ಕೆ ಅದರ ನೀರು. ಅದು ಸಾಲದಾಗಿ 1964ರಲ್ಲಿ ಲಿಂಗನಮಕ್ಕಿ ಬಂತು. 151 ಟಿಎಂಸಿ ನೀರು ಹಿಡಿಯುವ ಜಲಾಶಯ, ಗರಿಷ್ಠ ಮಟ್ಟ 1819 ಅಡಿ. ಹಳೇ ಮಡೆನೂರು ಅಣೆಕಟ್ಟೇ ಅದರೊಳಗೆ ಮುಳುಗಿಹೋಯ್ತು. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಎದ್ದು ಕಾಣುತ್ತೆ. ಶರಾವತಿ ವಿದ್ಯುದಾಗಾರದ ಹತ್ತು ಘಟಕ ಸೇರಿದರೆ 1035 ಮೆಗಾವ್ಯಾಟ್. ಬೆಂಗಳೂರಿನ ಕಾರ್ಖಾನೆ, ಆಮೇಲೆ ನಮ್ಮ ಟೆಕ್ ಪಾರ್ಕುಗಳು ಬೆಳಗಿದ್ದರಲ್ಲಿ ಆ ನೀರಿನ ಪಾಲು ದೊಡ್ಡದು. ಮುಳುಗಿದ ಊರುಗಳ ಜನ ಶಿವಮೊಗ್ಗ ಜಿಲ್ಲೆಯ ಉದ್ದಗಲಕ್ಕೂ ಚದುರಿಹೋದರು. ಎಷ್ಟೋ ಕುಟುಂಬಗಳ ಜಮೀನಿನ ಹಕ್ಕುಪತ್ರದ ತಕರಾರು ಇವತ್ತಿಗೂ ಮುಗಿದಿಲ್ಲ. ಮುಳುಗದೆ ಉಳಿದವರ ಕಥೆ ಬೇರೆ. ತುಮರಿ ಸುತ್ತಮುತ್ತಲ ಕರೂರು, ಬಾರಂಗಿ ಹೋಬಳಿಯ ಊರುಗಳು ನೀರಿನ ಆಚೆ ಉಳಿದವು. ತಾಲ್ಲೂಕು ಸಾಗರ, ಸಂತೆ ಸಾಗರ, ಆಸ್ಪತ್ರೆ ಸಾಗರ, ಕಾಲೇಜು ಸಾಗರ. ನಡುವೆ ಎರಡು ಕಿಲೋಮೀಟರಿಗೂ ಹೆಚ್ಚು ಅಗಲದ ನೀರು.

ಆ ನೀರಿನ ಮೇಲೆ ಓಡಿದ್ದೇ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯ ಲಾಂಚುಗಳು. ಕ್ಯಾಟಮರಾನಿನ ಪಕ್ಕ ಇಟ್ಟರೆ ಪಾಪ ಅನ್ನಿಸುವಂಥ ಆಕಾರ. ಚಪ್ಪಟೆ ತಳದ ಒಂದು ದೊಡ್ಡ ಕಬ್ಬಿಣದ ಜಗುಲಿ ಅಂದುಕೊಳ್ಳಿ. ಅದರ ಹಲಗೆ ದಡಕ್ಕೆ ಇಳಿಸಿದರೆ ಬಸ್ಸು, ಕಾರು, ಬೈಕು ಒಳಗೆ. ಉಳಿದ ಜಾಗದಲ್ಲಿ ಜನ, ಗೊಬ್ಬರದ ಚೀಲ, ಗ್ಯಾಸ್ ಸಿಲಿಂಡರು, ಅಡಿಕೆ ಮೂಟೆ. ವೇಗದ ಬಗ್ಗೆ ಮಾತಾಡೋದೇ ಬೇಡ.

ಆದರೆ ಅಲ್ಲಿಗೆ 41 ನಾಟಿನ ಹಡಗು ತಂದು ಬಿಟ್ಟಿದ್ದರೂ ಏನೂ ಉಪಯೋಗ ಇರಲಿಲ್ಲ ಅನ್ನೋದನ್ನ ಗಮನಿಸಿ. ದಾರಿ ಇರೋದೇ ಎರಡು ಕಿಲೋಮೀಟರ್. ಕೆಳಗೆ ಮುಳುಗಿದ ಕಾಡಿನ ಬೊಡ್ಡೆಗಳು. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ದಡ ಒಂದೇ ಕಡೆ ನಿಲ್ಲಲ್ಲ. ಮಳೆಗಾಲದಲ್ಲಿ ನೀರು ಮೇಲೆ ಬರುತ್ತೆ, ಕರೆಂಟಿಗೆ ನೀರು ಬಿಟ್ಟಂತೆಲ್ಲ ಕೆಳಗೆ ಹೋಗುತ್ತೆ. ದಡವೂ ಅದರ ಜೊತೆ ಹತ್ತಿ ಇಳಿಯುತ್ತೆ. ಎಲ್ಲಿ ಬೇಕಾದರೂ ಮಣ್ಣಿಗೆ ಮೂಗು ತಾಗಿಸಿ ಹಲಗೆ ಇಳಿಸಬಲ್ಲ ಚಪ್ಪಟೆ ದೋಣಿಯೇ ಅಂಥ ಜಾಗಕ್ಕೆ ಸರಿ. ಅದೂ ಸಾಕಾಗದ ವರ್ಷಗಳಿದ್ದವು. ಮಳೆ ಕೈಕೊಟ್ಟು ನೀರು ತಳ ಸೇರಿದಾಗ, 2023ರ ಜೂನಿನಲ್ಲಿ ಆದ ಹಾಗೆ, ವಾಹನ ಹತ್ತಿಸೋದನ್ನ ನಿಲ್ಲಿಸಿ ಬರೀ ಜನರನ್ನ ದಾಟಿಸ್ತಿದ್ದರು.

ಹಡಗು ಎಷ್ಟೇ ಚೆನ್ನಾಗಿದ್ದರೂ ದಡ ಕೈಕೊಟ್ಟರೆ ಮುಗೀತು ಅನ್ನೋದಕ್ಕೆ ಗುಜರಾತಿನಲ್ಲೂ ಒಂದು ಉದಾಹರಣೆ ಇದೆ. ಖಂಭಾತ್ ಕೊಲ್ಲಿಯಲ್ಲಿ ಘೋಘಾದಿಂದ ದಹೇಜಿಗೆ 2017ರ ಅಕ್ಟೋಬರಿನಲ್ಲಿ ದೊಡ್ಡ ಸಮಾರಂಭ ಮಾಡಿ ಫೆರ್ರಿ ಶುರು ಮಾಡಿದರು. ದಹೇಜ್ ಕಡೆ ಹೂಳು ತುಂಬಿ ತುಂಬಿ ಆಳ ಸಿಗದೆ ಆ ಮಾರ್ಗ ನಿಂತೇಹೋಯ್ತು. 2020ರ ನವೆಂಬರಿನಲ್ಲಿ ಘೋಘಾದಿಂದ ಹಜೀರಾಕ್ಕೆ ಬೇರೆ ಮಾರ್ಗ ಮಾಡಿಕೊಂಡರು. ರಸ್ತೆಯಲ್ಲಿ ಸುಮಾರು 370 ಕಿಲೋಮೀಟರ್ ಸುತ್ತಬೇಕಾದ್ದು ನೀರಿನ ಮೇಲೆ 90ಕ್ಕೆ ಇಳಿಯಿತು. ಹಡಗಿನಲ್ಲಿ ದೋಷ ಇರಲಿಲ್ಲ, ದಡದಲ್ಲಿತ್ತು.

ಸಿಗಂದೂರಿಗೇ ಬರೋಣ. ಕೆಲವು ವರ್ಷದ ಹಿಂದೆ ನಮ್ಮ ಟೀಮಿನಲ್ಲಿ ತುಮರಿ ಕಡೆಯ ಹುಡುಗನೊಬ್ಬನಿದ್ದ. ಪರಿಚಯ ಆದ ದಿನವೇ ನಾನು ಉತ್ಸಾಹದಿಂದ, 'ಏನ್ ಲಕ್ಕಿ ಮಾರಾಯ ನೀನು, ದಿನಾ ಲಾಂಚಿನಲ್ಲಿ ಓಡಾಡಿ ಬೆಳೆದವನು' ಅಂದೆ. ಅವನು ನಕ್ಕ. 'ನಿಮಗೆ ಲಾಂಚು ಅಂದ್ರೆ ಮೊದಲು ಏನು ನೆನಪಾಗುತ್ತೆ?' ಅಂತ ಕೇಳಿದ. ನೀರು, ಗಾಳಿ, ಗುಡ್ಡ ಅಂತ ಏನೇನೋ ಹೇಳಿದೆ. 'ನಮಗೆ ಗಡಿಯಾರ ನೆನಪಾಗುತ್ತೆ' ಅಂದ.

ಅವನು ಹೇಳಿದ ಮೇಲೆ ಅರ್ಥವಾಯ್ತು. ಲಾಂಚು ಸಂಜೆಗೆ ನಿಲ್ಲುತ್ತೆ. ಹಾಗಾಗಿ ಆಚೆ ದಡದ ಬದುಕೆಲ್ಲ ಕೊನೆ ಟ್ರಿಪ್ಪಿನಿಂದ ಹಿಂದಕ್ಕೆ ಎಣಿಸಿದ ಬದುಕು. ಸಾಗರದಲ್ಲಿ ಮದುವೆಗೆ ಹೋದರೆ ಊಟದ ಎರಡನೇ ಪಂಕ್ತಿಗೆ ಕಾಯೋ ಹಾಗಿಲ್ಲ. ತಾಲ್ಲೂಕು ಆಫೀಸಿನಲ್ಲಿ ಸಾಹೇಬರು ಮೂರು ಗಂಟೆಗೆ ಬರ್ತಾರೆ ಅಂದರೆ ಆವತ್ತಿನ ಕೆಲಸ ಆಗಲ್ಲ. ಬೆಂಗಳೂರಿನಿಂದ ಊರಿಗೆ ಹೊರಟರೆ ರಾತ್ರಿ ಬಸ್ಸೇ ಹಿಡಿಯಬೇಕು, ಹಗಲು ಬಸ್ಸಿನಲ್ಲಿ ಹೋದರೆ ದಡಕ್ಕೆ ಬರೋಷ್ಟರಲ್ಲಿ ಕತ್ತಲು. ಅವನ ತಾಯಿ ಅವನನ್ನ ಹೆರೋಕೆ ಹದಿನೈದು ದಿನ ಮುಂಚೆಯೇ ಸಾಗರದ ನೆಂಟರ ಮನೆಗೆ ಬಂದು ಕೂತಿದ್ದರಂತೆ. ನೋವು ಹಗಲೇ ಬರುತ್ತೆ ಅಂತ ಗ್ಯಾರಂಟಿ ಇಲ್ಲವಲ್ಲ. ರಸ್ತೆ ಇರಲೇ ಇಲ್ಲ ಅಂತಲ್ಲ, ನಿಟ್ಟೂರು, ಹೊಸನಗರದ ಕಡೆಯಿಂದ ಕಾಡು ಸುತ್ತಿ ಬರಬಹುದಿತ್ತು. ಮಲೆನಾಡಿನ ಮಳೆಯಲ್ಲಿ, ನಡುರಾತ್ರಿಯಲ್ಲಿ, ನೋವು ತಿನ್ನುತ್ತಿರುವ ಹೆಂಗಸನ್ನ ಕೂರಿಸಿಕೊಂಡು ಆ ಸುತ್ತು ಸುತ್ತೋದು ಹೇಗಿರುತ್ತೆ ಅಂತ ನೀವೇ ಯೋಚಿಸಿ.

ರಜೆ ಬಂತು ಅಂದ್ರೆ ಇನ್ನೊಂದು ತಾಪತ್ರಯ. ಬೆಂಗಳೂರಿನ ಕಾರುಗಳು ದಡದಲ್ಲಿ ಕಿಲೋಮೀಟರುಗಟ್ಟಲೆ ಸಾಲು ನಿಲ್ಲುತ್ತಿದ್ದವು. ಆ ಸಾಲಿನಲ್ಲಿ ಸಿಗಂದೂರು ನೋಡಿ ಜೋಗಕ್ಕೆ ಹೋಗುವವನೂ ಇರ್ತಿದ್ದ, ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದ ಅಪ್ಪನನ್ನ ಮನೆಗೆ ಕರೆದುಕೊಂಡು ಹೋಗುವವನೂ ಇರ್ತಿದ್ದ. ಒಬ್ಬನಿಗೆ ಅದು ವೀಕೆಂಡು, ಇನ್ನೊಬ್ಬನಿಗೆ ಮನೆ.

ನಮ್ಮ ವೃತ್ತಿಯಲ್ಲಿ ಅಪ್‌ಟೈಮ್ ಅಂತ ಒಂದು ಲೆಕ್ಕ ಇದೆ, ನಿಮಗೂ ಗೊತ್ತಿರುತ್ತೆ. ಸರ್ವರ್ ನೂರಕ್ಕೆ 99.9 ಭಾಗ ಎದ್ದಿರಬೇಕು ಅಂತ ಕಸ್ಟಮರ್ ಬರೆಸಿಕೊಳ್ತಾನೆ. ಅಂದ್ರೆ ಇಡೀ ವರ್ಷದಲ್ಲಿ ಒಂಬತ್ತು ಗಂಟೆಯೂ ಮಲಗೋ ಹಾಗಿಲ್ಲ. ಅಷ್ಟು ಮಲಗಿದರೆ ನಮ್ಮ ನಿದ್ದೆ ಕೆಡುತ್ತೆ, ಕಾಲ್ ಮೇಲೆ ಕಾಲ್. ಯಾರೋ ಒಬ್ಬರು ಆನ್‌ಲೈನಿನಲ್ಲಿ ಚಪ್ಪಲಿ ಆರ್ಡರ್ ಮಾಡೋಕೆ ಆಗಲಿಲ್ಲ ಅಂತ! ಈಗ ಲಾಂಚಿನ ಲೆಕ್ಕ ಹಾಕಿ. ಬೆಳಿಗ್ಗೆ ಎಂಟರಿಂದ ಸಂಜೆ ಆರು ಅಂತಲೇ ಇಟ್ಟುಕೊಳ್ಳೋಣ. ದಿನಕ್ಕೆ ಹತ್ತು ಗಂಟೆ. ಒಂದು ದಿನವೂ ಕೆಟ್ಟು ನಿಲ್ಲದೆ, ನೀರು ಇಳಿಯದೆ, ಪರಿಪೂರ್ಣವಾಗಿ ಓಡಿದರೂ ಅಪ್‌ಟೈಮ್ ನೂರಕ್ಕೆ 42ರ ಆಸುಪಾಸು. ಹಡಗಿನ ಜಾತಕದಲ್ಲಿ ಇದು ಬರಲ್ಲ. ಅಲ್ಲಿ ಹೀಗೆ ಬರೆದಿರುತ್ತೆ: ಪ್ರತಿದಿನ ಸೇವೆ ಲಭ್ಯ.

ಇದನ್ನ ಇಷ್ಟು ಜೋರಾಗಿ ಹೇಳೋಕೆ ನನಗೂ ಒಂದು ಕಾರಣ ಇದೆ. ನಮ್ಮೂರಿಗೆ ನದಿ ಅಡ್ಡ ಇರಲಿಲ್ಲ. ಆದರೆ ಕೊನೆ ಬಸ್ಸು ಇತ್ತು.

ನಮ್ಮೂರು ಅರಸೀಕೆರೆಯಿಂದ ಹಳೇಬೀಡಿನ ದಿಕ್ಕಿಗೆ, ಮೇನ್ ರೋಡಿನಿಂದ ನಾಲ್ಕು ಕಿಲೋಮೀಟರ್ ಒಳಗೆ. ದಿನಕ್ಕೆ ಮೂರು ಬಸ್ಸು. ಕೊನೆಯದು ಅರಸೀಕೆರೆ ಬಿಡುವುದು ಸಂಜೆ ಐದಕ್ಕೆ. ನಮ್ಮಕ್ಕ ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ 94 ತೆಗೆದವಳು. ನಾನು ನಾಲ್ಕು ವರ್ಷದ ಮೇಲೆ ಅದೇ ಸ್ಕೂಲಿನಲ್ಲಿ 81 ತೆಗೆದೆ. ಅಕ್ಕ ಅರಸೀಕೆರೆಯಲ್ಲಿ ಪಿಯುಸಿ ಸೈನ್ಸ್ ಸೇರಿದಳು. ವಾರಕ್ಕೆ ಮೂರು ದಿನ ಲ್ಯಾಬು, ಬಿಡುವಾಗ ಐದು ದಾಟುತ್ತಿತ್ತು. ಬಸ್ಸು ತಪ್ಪಿದ ದಿನ ಮೇನ್ ರೋಡಿನ ಬಸ್ಸು ಹಿಡಿದು ಗೇಟಿನಲ್ಲಿ ಇಳಿದು ಕತ್ತಲಲ್ಲಿ ನಾಲ್ಕು ಕಿಲೋಮೀಟರ್. ಎರಡು ತಿಂಗಳು ಅಪ್ಪ ಸೈಕಲ್ ತಗೊಂಡು ಹೋಗಿ ಗೇಟಿನಲ್ಲಿ ಕಾದ. ಮೂರನೇ ತಿಂಗಳು ರಾಗಿ ಕೊಯ್ಲು ಬಂತು. ಅವ್ವ ರಾತ್ರಿ ಎಂಟರ ತನಕ ಜಗುಲಿ ಮೇಲೆ ಕೂತು ದಾರಿ ನೋಡೋಳು. ಊರಿನವರು ಒಂದೊಂದು ಮಾತು ಆಡೋಕೆ ಶುರು ಮಾಡಿದರು. ಮುಂದಿನ ವರ್ಷ ಅಕ್ಕ ಆರ್ಟ್ಸಿಗೆ ಸೇರಿದಳು. ಅಲ್ಲಿ ಲ್ಯಾಬ್ ಇರಲಿಲ್ಲ, ಮಧ್ಯಾಹ್ನದ ಬಸ್ಸಿಗೇ ಮನೆ.

ನನ್ನ ಸರದಿ ಬಂದಾಗ ಅಪ್ಪ ಮಾತೇ ಆಡದೆ ಹಾಸನದ ಹಾಸ್ಟೆಲ್ಲಿಗೆ ಸೇರಿಸಿದ. ನಾನು ಗಂಡು ಹುಡುಗ, ಹಾಸ್ಟೆಲ್ಲಿಗೆ ಕಳಿಸೋಕೆ ಯಾರೂ ಹಿಂದೆಮುಂದೆ ನೋಡಲಿಲ್ಲ. ಇವತ್ತು ನಾನು ಕೋಡ್ ಬರೆದು ಇಎಂಐ ಕಟ್ಟುತ್ತಿದ್ದೇನೆ. ಅಕ್ಕ ಬಾಣಾವರದ ಹತ್ತಿರ ಒಂದು ಊರಿನಲ್ಲಿ ಹೊಲ, ಹಸು, ಮನೆ ನೋಡಿಕೊಂಡು, ಅಕ್ಕಪಕ್ಕದ ಮಕ್ಕಳಿಗೆ ದುಡ್ಡಿಲ್ಲದೆ ಲೆಕ್ಕ ಹೇಳಿಕೊಡ್ತಾಳೆ. ಚೆನ್ನಾಗಿಯೇ ಇದ್ದಾಳೆ, ಅಯ್ಯೋ ಪಾಪ ಅನ್ನೋಕೆ ನಾನಿದನ್ನ ಹೇಳ್ತಿಲ್ಲ. ಆದರೆ ನಮ್ಮ ಮನೆಯಲ್ಲಿ ಈಗಲೂ ಆ ವಿಷಯ ಬಂದರೆ 'ಅವಳು ಸೈನ್ಸ್ ಬಿಟ್ಟಳು' ಅಂತಾರೆ. ಬಸ್ಸು ಅವಳನ್ನ ಬಿಟ್ಟಿತು ಅಂತ ಯಾರೂ ಅನ್ನಲ್ಲ. ಆ ಬಸ್ಸಿಗೂ ಒಂದು ಸರ್ವೀಸ್ ಹಿಸ್ಟರಿ ಎಲ್ಲೋ ಇರಬಹುದು. ಟೈಮಿಗೆ ಸರಿಯಾಗಿ ಬಿಟ್ಟಿದೆ, ಟ್ರಿಪ್ ಕ್ಯಾನ್ಸಲ್ ಆಗಿಲ್ಲ, ಎಲ್ಲ ಸರಿ. ಬಸ್ಸಿನ ಕಡೆಯಿಂದ ನೋಡಿದರೆ ಯಾವ ತಪ್ಪೂ ಆಗಿಲ್ಲ.

ದಾಖಲೆ ಅಂದಾಗ ನಮ್ಮೂರ ಪಕ್ಕದ ಕಲ್ಲುಗಳು ನೆನಪಾಗ್ತವೆ. ಬೇಲೂರಿನಲ್ಲಿ ವಿಷ್ಣುವರ್ಧನ ಚೆನ್ನಕೇಶವನ ಗುಡಿ ಕಟ್ಟಿಸಿದ್ದು 1117ರಲ್ಲಿ. ರಾಜನ ಹೆಸರು ಉಳಿಯೋದು ಬಿಡಿ, ಅದು ಮಾಮೂಲು. ಅಲ್ಲಿ ಉಳಿ ಹಿಡಿದವರ ಹೆಸರೂ ಉಳಿದಿದೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ, ತಾವು ಕಡೆದ ಮೂರ್ತಿಗಳ ಕೆಳಗೆ ಹೆಸರು ಕೊರೆದಿಟ್ಟು ಹೋಗಿದ್ದಾರೆ. ಬಳ್ಳಿಗಾವಿ ಇರೋದು ಇವತ್ತಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ. ಅಲ್ಲಿಂದ ಬೇಲೂರಿಗೆ ಕೆಲಸಕ್ಕೆ ಬಂದ ಶಿಲ್ಪಿಗಳ ಹೆಸರು 900 ವರ್ಷ ಆದರೂ ನಾವು ಓದ್ತೀವಿ. ನಮ್ಮ ಸೀಮೆಯ ಊರುಗಳ ಬಯಲಿನಲ್ಲಿ ವೀರಗಲ್ಲುಗಳಿವೆ. ದನ ಕಾಯಲು ಹೋರಾಡಿ ಸತ್ತವನಿಗೂ ಒಂದು ಕಲ್ಲು ನಿಲ್ಲಿಸುತ್ತಿದ್ದ ಜನ ನಾವು.

ಅದೇ ಶಿವಮೊಗ್ಗ ಜಿಲ್ಲೆಯ ನೀರಿನ ಮೇಲೆ ಲಾಂಚು ನಡೆಸಿದವರ ಹೆಸರು ಎಲ್ಲಿ ಕೊರೆದಿದೆ? ಮಂಜಿನಲ್ಲಿ, ಮಳೆಯಲ್ಲಿ, ಗಾಳಿ ಬೀಸುವಾಗ, ಬೊಡ್ಡೆ ಎಲ್ಲಿದೆ ಅಂತ ಅಂದಾಜಿನಲ್ಲೇ ತಿಳಿದು, ದಿನಕ್ಕೆ ಅದೆಷ್ಟೋ ಸಲ ಆ ದಡ ಈ ದಡ ಮಾಡಿದವರು ಅವರು. ಟೈಮ್ ಮುಗಿದ ಮೇಲೂ ದಡದಲ್ಲಿ ಯಾರೋ ಟಾರ್ಚು ಬೀಸಿದರೆ ಏನಪ್ಪಾ ಅಂತ ವಿಚಾರಿಸಿ ಮತ್ತೆ ಇಂಜಿನ್ ಶುರು ಮಾಡಿದ ದಿನಗಳೂ ಇದ್ದವು ಅಂತ ನನ್ನ ಗೆಳೆಯ ಹೇಳ್ತಿದ್ದ. ಹಾಗೆ ದಾಟಿದ ಟ್ರಿಪ್ಪುಗಳು ಟೈಮ್ ಟೇಬಲ್ಲಿನಲ್ಲಿ ಇಲ್ಲ. ಅಟ್ಲಾಂಟಿಕ್ಕಿನಲ್ಲಿ ಕ್ಯಾಟ್-ಲಿಂಕ್ ಫೈವ್ ದಾರಿ ಬದಲಿಸಿದ್ದಕ್ಕೆ ಕನಿಷ್ಠ ಅರ್ಧ ಸಾಲಾದರೂ ಸಿಕ್ಕಿದೆ.

ಸೇತುವೆ ಬೇಕು ಅನ್ನೋ ಕೂಗು ಎದ್ದು ಎಷ್ಟೋ ದಶಕ. ಅಂತೂ 2018ರ ಫೆಬ್ರವರಿಯಲ್ಲಿ ಅಡಿಗಲ್ಲು ಬಿತ್ತು. ಏಳು ವರ್ಷ ದಾಟಿ 2025ರ ಜುಲೈ 14ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಉದ್ಘಾಟನೆ ಮಾಡಿದರು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ 2.44 ಕಿಲೋಮೀಟರ್, ಕೇಬಲ್ಲುಗಳಿಂದ ತೂಗುಹಾಕಿದ ಸೇತುವೆ, ಖರ್ಚು 470 ಕೋಟಿ ರೂಪಾಯಿಯ ಮೇಲೆ. ಲಿಂಗನಮಕ್ಕಿ ಮುಗಿದ 1964ರಿಂದ ಎಣಿಸಿದರೆ 61 ವರ್ಷ. ಮುಳುಗಡೆ ಕಂಡ ಹುಡುಗರು ಅಜ್ಜಂದಿರಾಗಿ ಸೇತುವೆ ದಾಟಿದರು. ಕಾಣದೆ ಹೋದವರು ಎಷ್ಟೋ ಮಂದಿ.

ಆ ವಾರ ನನ್ನ ಫೋನಿನ ತುಂಬ ಒಂದೇ ಥರದ ಸ್ಟೇಟಸ್ಸುಗಳು. 'ಮಿಸ್ ಯೂ ಲಾಂಚು', 'ಒಂದು ಯುಗ ಮುಗಿಯಿತು', ಹಿಂದೆ ಬೇಸರದ ಕೊಳಲು ಮ್ಯೂಸಿಕ್ಕು. ಹಾಕಿದವರೆಲ್ಲ ಬೆಂಗಳೂರಿನವರು, ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಹೋಗಿ ಬಂದವರು. ಬೇಸರ ಸುಳ್ಳಲ್ಲ. ಈಜುವ ಬಸ್ಸಿನಲ್ಲಿ ಕೂತ ನಮ್ಮಜ್ಜಿಯ ಮುಖ ನೆನೆಸಿಕೊಂಡರೆ ನನಗೂ ಗಂಟಲು ಕಟ್ಟುತ್ತೆ. ತುಮರಿಯ ಗೆಳೆಯ ಮಾತ್ರ ಕೊಳಲು ಹಾಕಿರಲಿಲ್ಲ. ಸೇತುವೆ ಮೇಲಿಂದ ಒಂದು ಫೋಟೋ ಕಳಿಸಿದ್ದ, ತೀರಾ ಮಾಮೂಲು ಫೋಟೋ. ಕತ್ತಲು, ರಸ್ತೆ ದೀಪ, ಅವನ ಬೈಕು. ಕೆಳಗೆ ಬರೆದಿದ್ದು ಒಂದೇ ಸಾಲು: 'ಟೈಮ್ ನೋಡು.' ನೋಡಿದೆ. ರಾತ್ರಿ 11 ಗಂಟೆ 20 ನಿಮಿಷ.

ನಮಗೆ ನೆನಪಿರೋದು ಲಾಂಚು ಹೇಗಿತ್ತು ಅನ್ನೋದು, ಅವರಿಗೆ ನೆನಪಿರೋದು ಲಾಂಚು ಯಾವಾಗ ಇರಲಿಲ್ಲ ಅನ್ನೋದು. ನಾವು ಹಡಗಿನ ಒಳಗೆ ಕೂತು ಬರೆದ ಇತಿಹಾಸ, ಅವರು ದಡದಲ್ಲಿ ನಿಂತು ಬರೆದದ್ದು. ಎರಡೂ ಇರಲಿ. ಆದರೆ ಲಾಂಚನ್ನ ಉಳಿಸಬೇಕಿತ್ತು, ಮಜಾ ಇತ್ತು ಅಂತ ವಾದ ಮಾಡುವ ಮುಂಚೆ ಎರಡನೆಯದನ್ನೂ ಒಮ್ಮೆ ಓದಬೇಕು ಅಷ್ಟೇ.

ಸೇತುವೆ ಬಂದ ತಕ್ಷಣ ಎಲ್ಲ ಮುಗೀತು ಅಂತಾನೂ ಅಲ್ಲ. ಸೇತುವೆಗೆ ಟೈಮ್ ಟೇಬಲ್ ಇಲ್ಲ, ಸರಿ. ಅದರ ಮೇಲೆ ಓಡುವ ಬಸ್ಸಿಗೆ ಇದೆ. ಬೈಕು ಇದ್ದವನಿಗೆ ರಾತ್ರಿ ಹನ್ನೊಂದಕ್ಕೂ ದಾರಿ ಸಿಕ್ಕಿತು. ಬೈಕು ಇಲ್ಲದ ಮನೆಯ ಹುಡುಗಿಗೆ ಲ್ಯಾಬ್ ಮುಗಿಸಿ ಸಾಗರದಿಂದ ಹೊರಡೋಕೆ ಸಂಜೆ ಬಸ್ಸು ಇದ್ದರೆ ಮಾತ್ರ ಆ ಸೇತುವೆ ಅವಳದೂ ಆಗುತ್ತೆ. ಇಲ್ಲದಿದ್ದರೆ ಅವಳ ಪಾಲಿಗೆ ಗಡಿಯಾರ ಮೊದಲಿನ ಗಡಿಯಾರವೇ.

ನಮ್ಮ ಕಡೆಯೂ ಈಗ ಒಂದು ಸುದ್ದಿ ಓಡಾಡ್ತಿದೆ. ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವಲ್ಲ, ಪ್ರವಾಸಿಗಳ ಮಾತು ಜೋರಾಗಿದೆ. ಕಡೂರಿನಿಂದ ಚಿಕ್ಕಮಗಳೂರಿಗೆ 2013ರಲ್ಲಿ ರೈಲು ಬಂತು, ಅದನ್ನ ಬೇಲೂರಿಗೆ, ಮುಂದೆ ಹಾಸನಕ್ಕೆ ಮುಟ್ಟಿಸುವ ಯೋಜನೆ ಇದೆ. ಬೇಲೂರಿಗೆ ಮೊದಲ ರೈಲು ಬರುವ ದಿನ ಹೂವಿನ ಹಾರ, ಬಾಳೆಕಂಬ, ವಾದ್ಯ ಎಲ್ಲ ಇರುತ್ತೆ. ಎಷ್ಟು ಕೋಟಿ, ಎಷ್ಟು ಕಿಲೋಮೀಟರ್, ಎಷ್ಟು ವೇಗ ಅಂತ ಪೇಪರಿನಲ್ಲಿ ದಪ್ಪಕ್ಷರದಲ್ಲಿ ಬರುತ್ತೆ. ಅಕ್ಕನ ಮಗಳು ಈಗ ಪಿಯುಸಿ, ಸೈನ್ಸೇ. ಅವಳ ಥರದ ಹುಡುಗಿಯರು ಸುತ್ತಲ ಊರುಗಳಲ್ಲಿ ಬೇಕಾದಷ್ಟು ಇದ್ದಾರೆ. ಆ ದಿನ ನಾನೂ ಅಲ್ಲಿದ್ದರೆ ಫೋಟೋ ಎಲ್ಲ ಆದಮೇಲೆ ಸ್ಟೇಷನ್ ಮಾಸ್ಟರ್ ಹತ್ತಿರ ಹೋಗಿ ಒಂದೇ ಒಂದು ಪ್ರಶ್ನೆ ಕೇಳಬೇಕು ಅಂತಿದ್ದೀನಿ.

ಸಾರ್, ಕೊನೆ ಟ್ರಿಪ್ ಎಷ್ಟೊತ್ತಿಗೆ?